ಮಡಿಸಿಟ್ಟ ಮೂವತ್ತೊಂದು

ಜನವರಿ 9, ಮಂಗಳವಾರ

ಬೆಳಗ್ಗೆ ಆರಕ್ಕೆ ಬಂದು ಎರಡು ಮೆಷಿನ್ ಬಟ್ಟೆ ಹಾಕಿದೆ. ಬಿಳಿ ಬೇರೆ, ಕೆಂಪು ಬೇರೆ. ಟವೆಲ್ ನಲವತ್ತು ಹೋಗಿತ್ತು, ಮೂವತ್ತಾರು ವಾಪಸು ಬಂದಿದೆ. ಕಾಲುಚೀಲದ ವಿಷಯ ದೇವರಿಗೇ ಗೊತ್ತು. ಎಲ್ಡ್ರಿಜ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಬಟ್ಟೆ ಒಗೆಯುವುದು, ಒಣಗಿಸುವುದು, ಹಂಚುವುದು... ನಲವತ್ತೊಂದು ವರ್ಷದಿಂದ ಇದೇ ಗೋಳು. ಮೇ ತಿಂಗಳಿಗೆ ಮುಗಿಯುತ್ತದೆ.

ಹತ್ತು ಗಂಟೆಗೆ ಡೇನಾ ಕೆಳಗೆ ಇಳಿದು ಬಂದಳು. ಕ್ರೀಡಾ ವಿಭಾಗದ ಮುಖ್ಯಸ್ಥೆ ನನ್ನ ಸಾಮಾನು ಕೋಣೆಗೆ ಬಂದದ್ದು ಎರಡು ವರ್ಷದಲ್ಲಿ ಇದೇ ಮೊದಲು. ಐದು ಜನರ ಸಮಿತಿ ಮಾಡಿದ್ದಾಳಂತೆ. ಲೂಶಸ್ ಪೆಟ್ವೇಯ ಮೂವತ್ತೊಂದನೇ ನಂಬರಿನ ಜೆರ್ಸಿಗೆ ನಿವೃತ್ತಿ ಕೊಡಬೇಕೋ ಬೇಡವೋ. ಕೊಟ್ಟರೆ ಜೆರ್ಸಿ ಕ್ರೀಡಾಂಗಣದ ಚಾವಣಿಯಲ್ಲಿ ತೂಗುತ್ತದೆ, ಆ ನಂಬರು ಇನ್ನು ಯಾರಿಗೂ ಇಲ್ಲ. ನಮ್ಮಲ್ಲಿ ಈವರೆಗೆ ಎರಡೇ ಎರಡು ತೂಗುತ್ತಿವೆ. ಹಳೆಯ ನೌಕರ ಅಂತ ನಾನೂ ಸಮಿತಿಯಲ್ಲಿ ಇರಬೇಕಂತೆ.

ಈ ವರ್ಷ ನನಗೂ ನಿವೃತ್ತಿ, ನನ್ನನ್ನೂ ತೂಗುಹಾಕುತ್ತೀರಾ ಅಂತ ಕೇಳಿದೆ. ನಕ್ಕಳು. ಅವಳು ನೆಬ್ರಾಸ್ಕಾದವಳು, ಲೂಶಸ್ ಕೊನೆಯ ಸಲ ಆಡಿದ 88ರಲ್ಲಿ ಇನ್ನೂ ತೊಟ್ಟಿಲಲ್ಲಿ ಇದ್ದವಳು.

ಆಗಲಿ ಅಂದುಬಿಟ್ಟೆ. ಯಾಕೆ ಅಂದೆನೋ.

ಅವಳು ಹೋದ ಮೇಲೆ ಹಿಂದಿನ ಕಪಾಟಿನ ಬೀಗ ಎಳೆದು ನೋಡಿದೆ. ಸರಿಯಾಗಿಯೇ ಹಾಕಿತ್ತು.

ಜನವರಿ 11, ಗುರುವಾರ

ಸಮಿತಿಯ ಮೊದಲ ಸಭೆ. ಒಣಗಿದ ಕುಕೀಸ್, ತೆಳ್ಳನೆ ಕಾಫಿ. ಅಧ್ಯಕ್ಷ ಗ್ಲೆನ್ ಸ್ಟಾಫರ್, ನಮ್ಮೂರಿನ ಹಲ್ಲಿನ ಡಾಕ್ಟರು, ಹಳೆ ವಿದ್ಯಾರ್ಥಿ. ನನ್ನ ಎರಡು ದವಡೆ ಹಲ್ಲು ಕಿತ್ತವನೂ ಅವನೇ. ಡೇನಾ, ನಾನು, ಇತಿಹಾಸ ಕಲಿಸುವ ಒಬ್ಬ ಮೇಡಂ, ಹಳೆ ವಿದ್ಯಾರ್ಥಿಗಳ ಸಂಘದ ಇನ್ನೊಬ್ಬ.

ಅಂಕಗಳ ಬಗ್ಗೆ ಯಾರ ತಕರಾರೂ ಇಲ್ಲ. ನಾಲ್ಕು ವರ್ಷದಲ್ಲಿ ಎರಡು ಸಾವಿರದ ಇನ್ನೂರ ಹದಿನಾಲ್ಕು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ತಕರಾರು ಒಂದೇ, ಕೊನೆಯ ದಿನದ್ದು. ಗ್ಲೆನ್ ಅವತ್ತು ಮೂರನೇ ಸಾಲಿನಲ್ಲಿ ಕೂತಿದ್ದನಂತೆ. ಪೆಟ್ವೇ ಎರಡು ಸಾವಿರ ಜನರ ಎದುರಿಗೆ ಜೆರ್ಸಿ ಬಿಚ್ಚಿ ನೆಲಕ್ಕೆ ಎಸೆದ, ಆಟ ಶುರುವಾಗುವ ಮೊದಲೇ ಹಿಂಬಾಗಿಲಿನಿಂದ ಓಡಿಹೋದ, ನಾವು ಒಂದು ಅಂಕದಿಂದ ಸೋತೆವು, ಲೀಗ್ ಪ್ರಶಸ್ತಿ ಕೈತಪ್ಪಿತು. ಈ ಊರಲ್ಲಿ ಮಕ್ಕಳಿಗೂ ಬಾಯಿಪಾಠ ಈ ಕಥೆ. ಹೇಳುವಾಗ ಗ್ಲೆನ್‌ನ ಕಿವಿ ಕೆಂಪಾಗಿತ್ತು. ಇಷ್ಟು ವರ್ಷವಾದರೂ!

ಕೊನೆಗೆ ಒಂದು ಉಪಾಯ ಮಾಡಿದರು. ಪೆಟ್ವೇ ಒಂದು ಕ್ಷಮಾಪಣೆ ಪತ್ರ ಬರೆಯಲಿ, ನಾಲ್ಕು ಸಾಲು ಸಾಕು. ಬರೆದರೆ ತೂಗುಹಾಕೋಣ.

ನಿಮಗೇನನಿಸುತ್ತೆ ಅಂತ ಡೇನಾ ನನ್ನನ್ನು ಕೇಳಿದಳು. ಆ ಹುಡುಗ ಒಂದು ದಿನವೂ ಒದ್ದೆ ಟವೆಲ್ ನೆಲಕ್ಕೆ ಬಿಟ್ಟವನಲ್ಲ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಾಚಿಕೆಗೆಟ್ಟವನು.

ಜನವರಿ 14, ಭಾನುವಾರ

ಚರ್ಚಿನಲ್ಲಿ ಲೋಯಿಸ್ ಕೆಟರ್ಮನ್ ಪಕ್ಕದಲ್ಲೇ ಕೂತಿದ್ದಳು. ಎಂಬತ್ತಾರು ವರ್ಷ, ಬಾಯಿ ಮಾತ್ರ ಇನ್ನೂ ಇಪ್ಪತ್ತಾರು. ಸುದ್ದಿ ಆಗಲೇ ಅವಳ ಕಿವಿಗೆ ಬಿದ್ದಿದೆ. ಹೊರಊರಿನ ಆಟಗಾರರನ್ನು ಊರಿನ ಮನೆಯವರು ಭಾನುವಾರ ಊಟಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿ. ಲೂಶಸ್ ನಾಲ್ಕು ವರ್ಷ ಊಟ ಮಾಡಿದ್ದು ಅವಳ ಮನೆಯಲ್ಲಿ. ಅವನಿಗೆ ಆಲೂಗಡ್ಡೆ ಹೇಗಿರಬೇಕು ಅನ್ನುವುದು ಅವಳಿಗೆ ಈಗಲೂ ನೆನಪಿದೆ.

ಆ ದಿನ ಅವಳನ್ನು ಅಂಕಣದ ನಡುವೆ ಒಬ್ಬಳನ್ನೇ ನಿಲ್ಲಿಸಿ ಹೋದನಲ್ಲ, ಆ ಅವಮಾನವನ್ನು ಸಾಯುವವರೆಗೂ ಮರೆಯುವುದಿಲ್ಲವಂತೆ. ಆ ಜೆರ್ಸಿ ಚಾವಣಿ ಹತ್ತಿದ ದಿನ ತಾನು ಕ್ರೀಡಾಂಗಣಕ್ಕೆ ಕಾಲಿಡುವುದಿಲ್ಲವಂತೆ. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು.

ನಾನು ಹಾಡಿನ ಪುಸ್ತಕದ ಪುಟ ತಿರುಗಿಸುತ್ತ ಕೂತೆ.

ಜನವರಿ 16, ಮಂಗಳವಾರ

ಹಿಮ. ಬಿಸಿನೀರಿನ ಪೈಪು ಮತ್ತೆ ಕೈಕೊಟ್ಟಿದೆ.

88ರಿಂದ ಈಚೆಗೆ ಮೂವತ್ತೊಂದನ್ನು ನಾನು ಯಾರಿಗೂ ಕೊಟ್ಟಿಲ್ಲ. ಹೊಸ ಹುಡುಗರು ಕೇಳುತ್ತಾರೆ. ಒಂದು ವರ್ಷ ಹರಿದುಹೋಗಿದೆ ಅಂದೆ. ಒಂದು ವರ್ಷ ಅಳತೆ ಸರಿಯಿಲ್ಲ ಅಂದೆ. ಇನ್ನೊಂದು ವರ್ಷ ಇಲಿ ಕಡಿದಿದೆ ಅಂದೆ, ಪಾಪ, ಆ ಹುಡುಗ ಇಲಿಬೋನು ತಂದುಕೊಟ್ಟ. ಮೂವತ್ತಾರು ವರ್ಷಕ್ಕೆ ಮೂವತ್ತಾರು ಸುಳ್ಳು. ಸಮಿತಿಯವರು ನಿವೃತ್ತಿ ಕೊಡುವುದೇನು, ನಾನು ಎಂದೋ ಕೊಟ್ಟಿದ್ದೇನೆ.

ಪ್ರೀತಿಯಿಂದ ಕೊಟ್ಟದ್ದಾಗಿದ್ದರೆ ಕಪಾಟಿಗೆ ಬೀಗ ಬೇಕಿರಲಿಲ್ಲ.

ಜನವರಿ 25, ಗುರುವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ. ಇವತ್ತು ಎರಡನೇ ಸಭೆ.

ಲೂಶಸ್‌ನ ಉತ್ತರ ಬಂದಿದೆ. ಗೇರಿ ಪಟ್ಟಣದಿಂದ. ಅಲ್ಲೇ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಂತೆ. ಡೇನಾ ಓದಿ ಹೇಳಿದಳು. ಎರಡೇ ಸಾಲು.

“ನಾನು ಆ ಅಂಗಿಯನ್ನು ಎಸೆಯಲಿಲ್ಲ. ಮಡಿಸಿ ಇಟ್ಟೆ.”

ಅಷ್ಟೇ. ಕೆಳಗೆ ಸಹಿ.

ಗ್ಲೆನ್ ಕಾಗದವನ್ನು ಮೇಜಿನ ಮೇಲೆ ಹಾಕಿ, ಸೊಕ್ಕು ನೋಡಿ ಇವನದು ಅಂದ. ಮಡಿಸಿದ್ದನ್ನು ಯಾರು ನೋಡಿದ್ದಾರೆ ಅಂತ ಇತಿಹಾಸದ ಮೇಡಂ ಕೇಳಿದಳು. ಯಾರೂ ಇಲ್ಲ, ಅದನ್ನು ನೆಲದಿಂದ ಎತ್ತಿದವನಿಗೆ ಗೊತ್ತಿರಬೇಕು ಅಷ್ಟೇ ಅಂತ ಡೇನಾ ಅಂದಳು. ಸುಮ್ಮನೆ ಅಂದದ್ದು. ಎತ್ತಿದವನು ಯಾರೆಂದು ಅವಳಿಗೆ ಗೊತ್ತಿಲ್ಲ.

ಎತ್ತಿದವನು ನಾನು. ಬಾಯಿ ತೆರೆದೆ. ನೀರು ಕುಡಿದೆ. ಮಾತಿನ ಬದಲು ಒಂದು ಕುಕೀ ಬಾಯಿಗೆ ಹಾಕಿಕೊಂಡೆ. ಮುಂದಿನ ಗುರುವಾರ ಬಿಟ್ಟು ಆಚೆ ಗುರುವಾರ ಮತ ಹಾಕುವುದು ಅಂತ ತೀರ್ಮಾನ.

ಜನವರಿ 26, ಶುಕ್ರವಾರ, ಬೆಳಗ್ಗೆ 6:15

ಬರೆದೇ ಬಿಡುತ್ತೇನೆ. ಯಾರು ಓದಬೇಕು ಇದನ್ನು.

1988, ಫೆಬ್ರವರಿ 27. ಕೊನೆಯ ವರ್ಷದ ಆಟಗಾರರನ್ನು ಬೀಳ್ಕೊಡುವ ದಿನ. ಆಟಕ್ಕೆ ಮೊದಲು ಒಬ್ಬೊಬ್ಬನ ಹೆಸರು ಕೂಗುತ್ತಾರೆ. ಅವನು ಬಿಳಿ ಜೆರ್ಸಿ ತೊಟ್ಟು ಅಂಕಣದ ನಡುವೆ ನಿಂತಿರುತ್ತಾನೆ. ಅವನ ತಾಯಿ, ಹೊರಊರಿನ ಆಟಕ್ಕೆ ಅವನು ಹಾಕುವ ಕೆಂಪು ಜೆರ್ಸಿಯನ್ನು ತನ್ನ ಉಡುಪಿನ ಮೇಲೆ ತೊಟ್ಟುಕೊಂಡು ನಡೆದು ಬರುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ತಾಯಂದಿರಿಗೆ ಕೆಂಪು ಜೆರ್ಸಿ ತೊಡಿಸಿ ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ.

ಗುರುವಾರವೇ ಲೂಶಸ್ ಬಂದು ಹೇಳಿದ್ದ. ಹುಡುಗರೆಲ್ಲ ನನ್ನನ್ನು ಕರೆಯುವುದು ಮಿಸ್ಟರ್ ಡಿ ಅಂತ. “ಮಿಸ್ಟರ್ ಡಿ, ಈ ಸಲ ನಮ್ಮಮ್ಮ ಬರ್ತಿದ್ದಾಳೆ.” ನಾಲ್ಕು ವರ್ಷದಲ್ಲಿ ಆಕೆ ಒಂದು ಆಟವನ್ನೂ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ, ಶನಿವಾರ ರಜೆ ಸಿಗುತ್ತಿರಲಿಲ್ಲ. ನನ್ನ ಕಸುಬಿನವಳೇ. ಅವನ ಕೆಂಪು ಜೆರ್ಸಿ ಇಸ್ತ್ರಿ ಮಾಡಿ, ಗೂಟಕ್ಕೆ ಹಾಕಿ, ಟೇಪಿನ ಮೇಲೆ ‘ತಾಯಿಗೆ’ ಅಂತ ಬರೆದು ಅಂಟಿಸಿದೆ.

ಶನಿವಾರ ಹಿಮ ಸುರಿಯಿತು. ಬಸ್ಸುಗಳೆಲ್ಲ ತಡ. ಹೆಸರು ಕೂಗಲು ಹದಿನೈದು ನಿಮಿಷ ಇದ್ದಾಗ ನನ್ನ ಕೋಣೆಯ ಪಕ್ಕದ ಬಾಗಿಲನ್ನು ಯಾರೋ ತಟ್ಟಿದರು. ತೆರೆದೆ. ಕಂದು ಕೋಟು ತೊಟ್ಟ ಕಪ್ಪು ಹೆಂಗಸು. ಹೆಗಲ ಮೇಲೆ ಹಿಮ. ಕೈಯಲ್ಲಿ ಬೆಳ್ಳಿ ಹಾಳೆ ಮುಚ್ಚಿದ ಟ್ರೇ. ನನ್ನ ತೋಳಿನ ಮೇಲೆ ಐದಾರು ಜೆರ್ಸಿ. ಆಟದ ನಂತರದ ಊಟಕ್ಕೆ ಹಿಂದಿನ ಅಡುಗೆಮನೆಯಲ್ಲಿ ಓಡಾಟ ನಡೆದಿತ್ತು. ಅಲ್ಲಿ ಕೆಲಸಕ್ಕಿದ್ದ ಮೂವರು ಹೆಂಗಸರನ್ನು ಬಿಟ್ಟರೆ ಈ ಊರಲ್ಲಿ ಕಪ್ಪು ಹೆಂಗಸರನ್ನು ನಾನು ನೋಡಿದ್ದೇ ಇಲ್ಲ. ಟ್ರೇ ನೋಡಿದೆ. ಮುಖ ನೋಡಲಿಲ್ಲ.

“ಅಡುಗೆಮನೆ ಆ ಕಡೆ. ಹಿಂದಿನಿಂದ ಸುತ್ತಿಕೊಂಡು ಹೋಗಿ” ಅಂದೆ.

ಆಕೆ ಏನೋ ಹೇಳಲು ಬಾಯಿ ತೆರೆದಳು. ನಾನು ಬಾಗಿಲು ಹಾಕಿದೆ.

ಮೂರು ನಿಮಿಷಕ್ಕೆ ಕೋಚ್ ಬರ್ಡೆಟ್ ಕೂಗಿದ, ಪೆಟ್ವೇಗೆ ಯಾರು ನಡೆಯುತ್ತಾರೆ? ತಾಯಿ ಬಂದಿಲ್ಲ ಅಂದೆ. ಯಾರನ್ನಾದರೂ ನಿಲ್ಲಿಸು ಅಂದ. ಲೋಯಿಸ್ ಅಲ್ಲೇ ಇದ್ದಳು. ಟೇಪು ಕಿತ್ತು ಜೆರ್ಸಿಯನ್ನು ಅವಳ ಕೈಗೆ ಕೊಟ್ಟೆ.

ಹೆಸರು ಕೂಗಿದರು. ಲೋಯಿಸ್ ನಗುತ್ತ ನಡೆದು ಹೋದಳು. ಲೂಶಸ್ ಅವಳನ್ನು ನೋಡಿದ. ಆಮೇಲೆ ಅವಳ ತಲೆಯ ಮೇಲಿನಿಂದ ಆಚೆ ನೋಡಿದ. ನಾನೂ ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ, ಬಿಳಿ ಟೋಪಿಯ ಹೆಂಗಸರ ನಡುವೆ, ಕಂದು ಕೋಟು. ಅವನ ಕಣ್ಣು, ಅವನ ಗಲ್ಲ. ಆಗ ಮುಖ ನೋಡಿದೆ.

ಅವನು ಬಿಳಿ ಜೆರ್ಸಿ ಬಿಚ್ಚಿದ. ಜನ ಕಿರುಚತೊಡಗಿದರು. ಮಂಡಿಯೂರಿ ಕೂತು ಏನೋ ಮಾಡಿದ, ಎದ್ದ, ಬನಿಯನ್‌ನಲ್ಲೇ ಅಡುಗೆಮನೆಯ ಬಾಗಿಲಿಗೆ ನಡೆದು ತಾಯಿಯ ತೋಳು ಹಿಡಿದು ಹೊರಟುಹೋದ. ಓಡಲಿಲ್ಲ. ಮೂರು ತಿಂಗಳಲ್ಲಿ ಡಿಗ್ರಿ ಬರಬೇಕಿತ್ತು, ಅದಕ್ಕೂ ತಿರುಗಿ ಬರಲಿಲ್ಲ, ಆಮೇಲೆ ಬೇರೆ ಕಡೆ ಮುಗಿಸಿರಬೇಕು.

ನಾನು ಹೋಗಿ ಜೆರ್ಸಿ ಎತ್ತಿದೆ. ಹೊಸದಾಗಿ ಬರುವ ಪ್ರತಿ ಹುಡುಗನಿಗೂ ಮೊದಲ ದಿನ ನಾನು ಹೇಳಿಕೊಡುವುದು ಒಂದೇ. ಜೆರ್ಸಿಯನ್ನು ಮುದ್ದೆ ಮಾಡಬಾರದು. ತೋಳು ಒಳಗೆ, ಎರಡು ಮಡಿಕೆ, ನಂಬರು ಮೇಲೆ. ಹಾಗೇ ಇತ್ತು. ಒಂದು ಸುಕ್ಕೂ ಇಲ್ಲದೆ. ಅಷ್ಟು ಸಿಟ್ಟಿನಲ್ಲೂ ಹುಡುಗ ನನ್ನ ಮಾತು ಮೀರಿರಲಿಲ್ಲ.

ಮಾರನೇ ದಿನ ಅಡುಗೆಮನೆಯಲ್ಲಿ ಆ ಟ್ರೇ ಸಿಕ್ಕಿತು. ಪೀಚ್ ಹಣ್ಣಿನ ಕಾಬ್ಲರ್, ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ. ಯಾರೂ ಮುಟ್ಟಿರಲಿಲ್ಲ. ಅಡಿಯಲ್ಲಿ ಟೇಪು, ‘ಪೆಟ್ವೇ’. ಚರ್ಚಿನ ಊಟಕ್ಕೆ ಪಾತ್ರೆ ಒಯ್ಯುವ ಹೆಂಗಸರು ಹೆಸರು ಅಂಟಿಸುತ್ತಾರಲ್ಲ, ಹಾಗೆ. ತಿಂಡಿಯನ್ನು ಕಸಕ್ಕೆ ಸುರಿದು ಟ್ರೇ ತೊಳೆದೆ. ಬಿಳಿ, ಕೆಂಪು ಎರಡೂ ಜೆರ್ಸಿಯ ಜೊತೆ ಹಿಂದಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಯಾರೂ ನನ್ನನ್ನು ಕೇಳಲಿಲ್ಲ. ಹೆಂಡತಿ ಅರ್ಲೀನ್‌ಗೂ ಹೇಳಲಿಲ್ಲ. ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಹೇಳದೆಯೇ ಅವಳನ್ನು ಮಣ್ಣಿಗೆ ಕಳಿಸಿದೆ.

ಫೆಬ್ರವರಿ 3, ಶನಿವಾರ

ಲೋಯಿಸ್ ಮನೆಗೆ ಹೋದೆ. ಪಿಯಾನೋ ಮೇಲೆ ಅವತ್ತಿನ ಫೋಟೋ ಇದೆ, ಕೆಂಪು ಜೆರ್ಸಿ ತೊಟ್ಟು ಅಂಕಣಕ್ಕೆ ಕಾಲಿಡುತ್ತಿರುವುದು. ಮುಂದಿನ ಗಳಿಗೆಯ ಫೋಟೋ ಇಲ್ಲ.

ಎಲ್ಲ ಹೇಳಿದೆ. ನಡುವೆ ಒಮ್ಮೆಯೂ ಮಾತಾಡಲಿಲ್ಲ ಅವಳು. ಲೋಯಿಸ್ ಸುಮ್ಮನಿರುವುದನ್ನು ನಾನು ಕಂಡದ್ದೇ ಇಲ್ಲ. ಹೆದರಿಕೆಯಾಯಿತು.

“ಅವನ ತಾಯಿ ಬಂದಿಲ್ಲ ಅಂತ ನೀನೇ ತಾನೆ ಹೇಳಿದ್ದು” ಅಂದಳು ಕೊನೆಗೆ. ಹೌದು ಅಂದೆ.

“ನಾನು ಪ್ರತಿ ಭಾನುವಾರ ಆ ಹುಡುಗನಿಗೆ ಹಿಡಿಶಾಪ ಹಾಕ್ತಿದ್ದೆ. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆಯಲ್ಲೋ ಮರ್ಲ್. ಚರ್ಚಿನಲ್ಲಿ!”

ಟೋಪಿ ತಿರುಗಿಸುತ್ತ ನಿಂತೆ. ಕೋಲು ಊರಿಕೊಂಡು ಎದ್ದಳು, ಪಿಯಾನೋ ಹತ್ತಿರ ಹೋಗಿ ಫೋಟೋವನ್ನು ಬೋರಲು ಹಾಕಿದಳು. ಅವನ ತಾಯಿಗೆ ಹೇಳಿದ್ದೀಯಾ ಅಂತ ಕೇಳಿದಳು. ಇಲ್ಲ ಅಂದೆ. ಹಾಗಾದರೆ ನನ್ನ ಮನೆಯಲ್ಲಿ ನಿನಗೇನು ಕೆಲಸ, ಹೋಗು ಅಂದಳು. ಸರಿಯಾಗಿಯೇ ಅಂದಳು.

ಫೆಬ್ರವರಿ 4, ಭಾನುವಾರ, ಸಂಜೆ 7

ಚರ್ಚಿಗೆ ಹೋಗಲಿಲ್ಲ. ಅರವತ್ತೈದನೇ ಹೆದ್ದಾರಿಯಲ್ಲಿ ಉತ್ತರಕ್ಕೆ, ಗೇರಿಗೆ, ಮೂರೂವರೆ ಗಂಟೆ. ಪಕ್ಕದ ಸೀಟಿನಲ್ಲಿ ಟ್ರೇ. ಎರಡು ಸಲ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ, ಪೆಟ್ರೋಲಿಗೆ ಅಲ್ಲ, ವಾಪಸು ತಿರುಗೋಣ ಅಂತ.

ಬಾಗಿಲು ತೆರೆದದ್ದು ಲೂಶಸ್. ಕೂದಲು ನರೆತಿದೆ, ಹೊಟ್ಟೆ ಬಂದಿದೆ, ಎತ್ತರ ಅದೇ. ಗುರುತು ಹಿಡಿದ. ನಗು ಬಂತು ಅವನಿಗೆ, ದೇವರೇ, ನನ್ನನ್ನು ನೋಡಿ ಖುಷಿಪಟ್ಟ. ಮಿಸ್ಟರ್ ಡಿ, ಇನ್ನೂ ಬಟ್ಟೆ ಮಡಿಸುತ್ತಲೇ ಇದ್ದೀರಾ ಅಂತ ಕೇಳಿದ. ಒಳಗೆ ಕರೆದು ಕಾಫಿ ಕೊಟ್ಟ. ಆ ಕಾಫಿಯನ್ನು ನಾನು ಮುಟ್ಟಲಿಲ್ಲ.

ತಾಯಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಒಡೆಸ್ಸಾ ಪೆಟ್ವೇ. ಎಂಬತ್ತು ವರ್ಷ. ನನ್ನನ್ನು ನೋಡಿದರು, ಟ್ರೇಯನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಗಿತ್ತು.

“ಬಾಗಿಲು ತೆಗೆದವನು” ಅಂದರು.

“ಬಾಗಿಲು ಹಾಕಿದವನು, ಅಮ್ಮ” ಅಂದೆ.

ನಿಂತುಕೊಂಡೇ ಹೇಳಿದೆ. ಟ್ರೇ ನೋಡಿದ್ದು, ಮುಖ ನೋಡದೇ ಇದ್ದದ್ದು, ತಾಯಿ ಬಂದಿಲ್ಲ ಅಂದದ್ದು, ಜೆರ್ಸಿ ಮಡಿಸಿತ್ತು ಅನ್ನುವುದನ್ನು ಊರಿಗೆ ಹೇಳದೇ ಇದ್ದದ್ದು. ಕ್ಷಮಿಸಿ ಅಂದೆ. ಆ ಮಾತು ಎಷ್ಟು ಸಣ್ಣದು! ಹೇಳಿದ ಮೇಲೂ ಕೋಣೆಯಲ್ಲಿ ಏನೂ ಬದಲಾಗಲಿಲ್ಲ.

ಲೂಶಸ್ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

“ನಾನು ಕೋಚ್ ಅಂತ ತಿಳ್ಕೊಂಡಿದ್ದೆ” ಅಂದ, ತಿರುಗದೆ. “ಇಷ್ಟು ವರ್ಷ. ನಮ್ಮಮ್ಮನ್ನ ಒಳಗೆ ಬಿಡಬೇಡಿ ಅಂತ ಕೋಚೇ ಹೇಳಿರ್ಬೇಕು ಅಂತ. ಕಾಗದ ಬರೀತಿದ್ದ ಮನುಷ್ಯ. ಹನ್ನೊಂದು ಕಾಗದ. ಒಂದನ್ನೂ ಒಡೆಯದೆ ವಾಪಸು ಕಳಿಸ್ದೆ. ಸತ್ತಾಗ್ಲೂ ಹೋಗ್ಲಿಲ್ಲ.”

ಕೋಚ್ ಬರ್ಡೆಟ್ 2009ರಲ್ಲಿ ಹೋದ. ಕೊನೆಗಾಲದಲ್ಲಿ ಒಮ್ಮೆ ನನ್ನ ಕೋಣೆಗೆ ಬಂದು, ಆ ಹುಡುಗನಿಗೆ ನಾನೇನು ಮಾಡಿದೆ ಮರ್ಲ್ ಅಂತ ಕೇಳಿದ್ದ. ಗೊತ್ತಿಲ್ಲ ಅಂದಿದ್ದೆ. ಇದನ್ನೂ ಲೂಶಸ್‌ಗೆ ಹೇಳಿದೆ. ಹೇಳಬೇಕಿತ್ತೋ ಇಲ್ಲವೋ. ಇನ್ನು ಏನನ್ನೂ ಬಚ್ಚಿಡಲು ನನ್ನಿಂದಾಗದು.

ಅವನು ತಾಯಿಯನ್ನು ಕೇಳಿದ, ನಿನಗೆ ಗೊತ್ತಿತ್ತಾ, ಯಾರು ಅಂತ. ನೂರು ಸಲ ಕೇಳಿದ್ದೆನಲ್ಲ, ಮುಖ ನೋಡಲಿಲ್ಲ ಅಂದಿದ್ದೆಯಲ್ಲ.

“ನೋಡಿದ್ದೆ” ಅಂದರು ಒಡೆಸ್ಸಾ. ಆಮೇಲೆ ನನ್ನ ಕಡೆ ತಿರುಗಿದರು. “ನೋಡಪ್ಪಾ, ಅವತ್ತು ನಾನು ಬೆರಳು ತೋರಿಸಿದ್ರೆ ಇವನು ನಿನ್ನ ಹಲ್ಲು ಉದುರಿಸ್ತಿದ್ದ. ಆ ಊರವರು ಇವನನ್ನ ಜೈಲಿಗೆ ಹಾಕ್ತಿದ್ರು. ನನಗೆ ಮಗ ಬೇಕಾಗಿತ್ತು.”

ಅವರು ಕೈ ಚಾಚಿ ಟ್ರೇ ತೆಗೆದುಕೊಂಡರು. ಮಗುಚಿ ಟೇಪು ನೋಡಿದರು. ಅದು ಅವರ ತಾಯಿಯ ಟ್ರೇಯಂತೆ. ಕಳೆದುಹೋಯಿತು ಅಂತ ಆ ವರ್ಷವೆಲ್ಲ ಕೊರಗಿದ್ದರಂತೆ. ಕಾಬ್ಲರ್ ಯಾರಾದರೂ ತಿಂದರಾ ಅಂತ ಕೇಳಿದರು. ಇಲ್ಲ ಅಂದೆ. ಅದಕ್ಕೆ ಮಾತ್ರ ಅವರ ಕಣ್ಣಲ್ಲಿ ನೀರು ಬಂತು.

ಕ್ಷಮಿಸಿದೆ ಅಂತ ಇಬ್ಬರೂ ಹೇಳಲಿಲ್ಲ. ಬಾಗಿಲವರೆಗೆ ಬಂದವನು ಲೂಶಸ್. ಕೈ ಕೊಡಲಿಲ್ಲ. ರಸ್ತೆ ಜಾರುತ್ತದೆ, ನಿಧಾನ ಹೋಗಿ ಅಂದ.

ಫೆಬ್ರವರಿ 8, ಗುರುವಾರ

ಸಭೆ. ನಾನೇ ಮೊದಲು ಮಾತಾಡಬೇಕು ಅಂದೆ. ಕಪಾಟಿನಿಂದ ಬಿಳಿ ಜೆರ್ಸಿ ತಂದಿದ್ದೆ. ಅವತ್ತು ಎತ್ತಿದ ಹಾಗೆಯೇ ಇದೆ, ಮಡಿಕೆ ಬಿಚ್ಚಿಲ್ಲ. ಗೆರೆಯಲ್ಲಿ ಬಟ್ಟೆ ಹಳದಿಯಾಗಿದೆ. ಮೇಜಿನ ಮೇಲಿಟ್ಟೆ. ಇಪ್ಪತ್ತು ನಿಮಿಷ ಮಾತಾಡಿದೆ. ನಲವತ್ತೊಂದು ವರ್ಷದಲ್ಲಿ ಈ ಕಾಲೇಜಿನಲ್ಲಿ ನಾನು ಇಷ್ಟು ಮಾತಾಡಿದ್ದಿಲ್ಲ.

ಗ್ಲೆನ್ ಜೆರ್ಸಿಯ ಮೇಲೆ ಬಗ್ಗಿ ನೋಡಿದ, ಹಲ್ಲು ನೋಡುವ ಹಾಗೆ. ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. “ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ ನೀನು?”

“ಮೊದಲು ಕೆಲಸ ಹೋಗುತ್ತೆ ಅಂತ ಹೆದರಿಕೆ. ಆಮೇಲೆ ಅಭ್ಯಾಸ ಆಗೋಯ್ತು, ಗ್ಲೆನ್.”

ಡೇನಾಗೆ ಪತ್ರಿಕೆಯವರ ಚಿಂತೆ. ಇದನ್ನೆಲ್ಲ ಹೊರಗೆ ಹೇಳಲೇಬೇಕಾ, ಸುಮ್ಮನೆ ಗೌರವದಿಂದ ತೂಗುಹಾಕಿದರೆ ಸಾಲದಾ ಅಂದಳು. ಇತಿಹಾಸದ ಮೇಡಂ ಒಂದೇ ನೋಟ ನೋಡಿದಳು, ಡೇನಾ ಆ ಮಾತನ್ನು ಅಲ್ಲಿಗೇ ಬಿಟ್ಟಳು. ಕ್ಷಮಾಪಣೆ ಪತ್ರದ ಷರತ್ತು ಹೊಡೆದುಹಾಕಿದರು. ಅದರ ಬದಲು ಕಾಲೇಜೇ ಕ್ಷಮೆ ಕೇಳಿ ಪತ್ರ ಬರೆಯುವುದು, ಸಹಿ ಮಾಡುವವರಲ್ಲಿ ಮೊದಲ ಹೆಸರು ನನ್ನದು.

ಮತ ಹಾಕಿದೆವು. ನಾಲ್ಕು ಕೈ ಎದ್ದವು. ಗ್ಲೆನ್ ಕೈ ಎತ್ತಲಿಲ್ಲ. ಬೇಡವಾ ಅಂತ ಡೇನಾ ಕೇಳಿದಳು. “ಅವನನ್ನ ಕೇಳಿದ್ದೀರಾ? ಅವನಿಗೆ ಬೇಕಾ ಅಂತ?” ಅಂದ. ಹಲ್ಲಿನ ಡಾಕ್ಟರ ಬಾಯಲ್ಲಿ ಈ ಮಾತು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಮೊದಲು ಅವನನ್ನು ಕೇಳುವುದು ಅಂತ ಆಯಿತು. ಆಗ ಐದನೇ ಕೈಯೂ ಎದ್ದಿತು.

ಫೆಬ್ರವರಿ 12

ಉತ್ತರ ಇಲ್ಲ.

ಫೆಬ್ರವರಿ 14

ಇಲ್ಲ. ಮೆಷಿನ್‌ಗೆ ಕೆಂಪು ಬಿಳಿ ಒಟ್ಟಿಗೆ ಹಾಕಿಬಿಟ್ಟೆ. ಹನ್ನೆರಡು ಅಂಗಿ ಗುಲಾಬಿ. ಹುಡುಗರು ಬಿದ್ದು ಬಿದ್ದು ನಕ್ಕರು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ.

ಫೆಬ್ರವರಿ 16, ಶುಕ್ರವಾರ

ಲೂಶಸ್ ಫೋನ್ ಮಾಡಿದ. ಡೇನಾಗಲ್ಲ, ನನಗೆ. ಸಾಮಾನು ಕೋಣೆಯ ಹಳೆ ನಂಬರು ಅವನಿಗೆ ಇನ್ನೂ ನೆನಪಿದೆ.

ಚಾವಣಿಯ ಬಟ್ಟೆಯಿಂದ ತನಗೇನೂ ಆಗಬೇಕಾದ್ದಿಲ್ಲ ಅಂದ. ಬೇಡ ಅಂತಲೇ ಬರೆದಿದ್ದನಂತೆ, ಕಾಗದ ಲಕೋಟೆಗೂ ಹಾಕಿದ್ದನಂತೆ. ತಾಯಿ ಅಂಚೆಗೆ ಹಾಕಲು ಬಿಡಲಿಲ್ಲ. ಆಕೆ ಅವತ್ತು ಏಳು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದದ್ದು ಮಗನ ಜೊತೆ ನಡೆಯಲು. ಇನ್ನೂ ನಡೆದಿಲ್ಲ. ಅದು ಬಾಕಿ ಇದೆ ಅಂದರಂತೆ.

ಬರುತ್ತಾರೆ. ಇಪ್ಪತ್ನಾಲ್ಕಕ್ಕೆ, ಕೊನೆಯ ವರ್ಷದವರ ದಿನ. ಆಕೆಯ ಮಾತು ಒಂದೇ. ಮುಂಬಾಗಿಲಿನಿಂದ ಒಳಗೆ ಬರುತ್ತಾರೆ, ಆ ಬಾಗಿಲನ್ನು ಬೇರೆ ಯಾರೂ ಅಲ್ಲ, ನಾನು ತೆರೆಯಬೇಕು.

ಫೋನ್ ಇಟ್ಟ ಮೇಲೆ ಡ್ರೈಯರ್‌ಗೆ ಒರಗಿ ಅತ್ತೆ. ಬರೆಯುವುದಕ್ಕೆ ನಾಚಿಕೆ ಏನು, ಅತ್ತೆ.

ಫೆಬ್ರವರಿ 24, ಶನಿವಾರ, ಬೆಳಗ್ಗೆ 11

ಹಿಮ. ಇವತ್ತೇ ಸುರಿಯಬೇಕಿತ್ತಾ ಇದು. ಆಟ ಎರಡಕ್ಕೆ, ಹೆಸರು ಕೂಗುವುದು ಒಂದೂವರೆಗೆ. ಕೆಂಪು ಜೆರ್ಸಿ ಒಗೆದು ಇಸ್ತ್ರಿ ಮಾಡಿದ್ದೇನೆ. ಒಡೆಸ್ಸಾ ಅವರ ಅಳತೆಗೆ ದೊಡ್ಡದಾದೀತು. ಆಗಲಿ. ಟೇಪಿನ ಮೇಲೆ ಮತ್ತೆ ಬರೆದು ಅಂಟಿಸಿದೆ, ‘ತಾಯಿಗೆ’.

ಮಧ್ಯಾಹ್ನ 1:10

ಬಂದಿಲ್ಲ. ಲೂಶಸ್ ಒಮ್ಮೆ ಫೋನ್ ಮಾಡಿದ್ದ, ದಾರಿಯಲ್ಲಿ ಲಫಯೆಟ್ ಊರಿನ ಹತ್ತಿರ ಲಾರಿ ಅಡ್ಡ ಬಿದ್ದಿದೆಯಂತೆ. ಈಗ ಫೋನ್ ಸಿಗುತ್ತಿಲ್ಲ. ಕ್ರೀಡಾಂಗಣ ತುಂಬಿದೆ. ಪತ್ರಿಕೆಯಲ್ಲಿ ಎಲ್ಲ ಬಂದ ಮೇಲೆ ಕೆಲವರು ನನ್ನ ಕಡೆ ನೋಡುವುದಿಲ್ಲ, ಕೆಲವರು ಬೇಕೆಂದೇ ನೋಡುತ್ತಾರೆ. ಲೋಯಿಸ್ ಬಂದಿದ್ದಾಳೆ. ಮೂರನೇ ಸಾಲು, ಗ್ಲೆನ್ ಪಕ್ಕ.

1:35

ಈ ವರ್ಷದ ನಾಲ್ವರು ಹುಡುಗರ ತಾಯಂದಿರು ನಡೆದಾಯಿತು. ಡೇನಾ ಓಡಿ ಬಂದಳು. ಜನ ಕಾಯುತ್ತಿದ್ದಾರೆ, ರೆಫರಿಗಳು ಗಡಿಯಾರ ನೋಡುತ್ತಿದ್ದಾರೆ, ಜೆರ್ಸಿಯನ್ನು ಯಾರ ಕೈಯಲ್ಲಾದರೂ ಕೊಟ್ಟು ನಡೆಸೋಣವಾ, ಈಗಿನ ನಾಯಕನ ತಾಯಿ ಇದ್ದಾರೆ ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅವತ್ತು ನಾನೂ ಕೆಟ್ಟ ಮನಸ್ಸಿನಿಂದ ಕೊಟ್ಟವನಲ್ಲ.

ಇಲ್ಲ ಅಂದೆ. ಜೆರ್ಸಿ ಕಂಕುಳಲ್ಲಿ ಇಟ್ಟುಕೊಂಡು ಮುಂಬಾಗಿಲಿಗೆ ಬಂದೆ. ಟಿಕೆಟ್ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

1:50

ಒಳಗಿನಿಂದ ಗದ್ದಲ ಕೇಳುತ್ತಿದೆ. ಮೈಕಿನಲ್ಲಿ ಗ್ಲೆನ್‌ನ ದನಿ. ತಾಯಿ ಬರುವವರೆಗೆ ಆಟ ಶುರುವಾಗುವುದಿಲ್ಲ, ಕಾಯಲು ಆಗದವರು ಮನೆಗೆ ಹೋಗಬಹುದು ಅನ್ನುತ್ತಿದ್ದಾನೆ. ಯಾರೂ ಹೊರಗೆ ಬಂದಿಲ್ಲ.

2:20

ಹಿಮದ ನಡುವೆ ದೀಪ. ಹಳೆಯ ನೀಲಿ ಕಾರು. ಲೂಶಸ್ ಇಳಿದ. ಸುತ್ತಿ ಬಂದು ಆಚೆ ಬಾಗಿಲು ತೆರೆದ. ಕಂದು ಕೋಟು, ಬೇರೆಯದಿರಬೇಕು, ಬಣ್ಣ ಅದೇ. ಮಗನ ತೋಳು ಹಿಡಿದಿದ್ದಾರೆ. ಇನ್ನೊಂದು ಕೈಯಲ್ಲಿ ಬೆಳ್ಳಿ ಹಾಳೆ ಮುಚ್ಚಿದ ಟ್ರೇ. ಮೆಟ್ಟಿಲ ಹತ್ತಿರ ನಿಂತರು. ಈ ಕಡೆಯೇ ನೋಡುತ್ತಿದ್ದಾರೆ. ನಾನೂ ಮುಖವನ್ನೇ ನೋಡುತ್ತಿದ್ದೇನೆ. ಜೆರ್ಸಿ ಮಡಿಸಿಯೇ ಇದೆ, ನಂಬರು ಮೇಲೆ. ಇನ್ನು ಬಾಗಿಲು—